ಸಂಬೋಳಿಯಿಂದ ಸೈಕಲ್ ಗಂಟೆಯವರೆಗೆ: ಮುಡಬಿ ಸೀಮೆಯ ದಾರಿ ಮತ್ತು ಕೆರೆಗಳ ಚರಿತ್ರೆ

1

ಮುಡಬಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಸಸ್ತಾಪುರ ಬಂಗ್ಲಾಕ್ಕೆ, ಅಲ್ಲಿಂದ ಹೆದ್ದಾರಿ ಹಿಡಿದು ರಾಜೇಶ್ವರ ದಾಟಿ ಹುಮನಾಬಾದಿಗೆ ಒಂದು ದಾರಿ ಇದೆ. ಬಸ್ಸಿನಲ್ಲಿ ಕೂತು ಹೋದರೆ ಈ ದಾರಿ ಕಾಣೋದಿಲ್ಲ. ಸೈಕಲ್ಲಿನ ಮೇಲೆ ಹೋಗಿ ನೋಡಬೇಕು. ನೆಲ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಿ ಕೆರೆಯ ಮೇಲಿನ ಗಾಳಿ ಮುಖಕ್ಕೆ ಬಡಿಯುತ್ತದೆ ಅನ್ನೋದು ಪೆಡಲು ತುಳಿಯುವವನ ಕಾಲಿಗೆ ಗೊತ್ತಾಗುತ್ತದೆ. ತೊಗರಿ ಹೊಲ, ಜೋಳದ ಹೊಲ, ನಡುನಡುವೆ ಕಬ್ಬಿನ ಹಸಿರು. ಒಂದು ಕಡೆ ಕರಿ ಮಣ್ಣು, ಇನ್ನೊಂದು ಕಡೆ ರಕ್ತ ಚೆಲ್ಲಿದ ಹಾಗೆ ಕೆಂಪು ಮಣ್ಣು.

ಈಗ ನಗರಗಳಲ್ಲಿ ಉಳ್ಳವರು ಆರೋಗ್ಯಕ್ಕೆಂದು, ಹವ್ಯಾಸಕ್ಕೆಂದು ಸೈಕಲ್ ಹೊಡೆಯುತ್ತಾರೆ. ಗೇರಿನ ಸೈಕಲ್ಲು, ತಲೆಗೆ ಹೆಲ್ಮೆಟ್ಟು, ಭಾನುವಾರದ ಬೆಳಗು. ಅವರು ಕೇಳುವ ಪ್ರಶ್ನೆಗಳು ಇವು: ದಾರಿ ನುಣುಪಾಗಿದೆಯೆ? ಕೆರೆ ಎಲ್ಲಿದೆ? ಗುಡ್ಡದ ಏರು ಎಷ್ಟು? ಇದರಲ್ಲಿ ತಪ್ಪೇನೂ ಇಲ್ಲ. ಕೆರೆ ನೋಡಿ ಖುಷಿಪಡುವುದು ಯಾರಿಗೂ ಬೇಡವಾದದ್ದಲ್ಲ.

ಆದರೆ ಗೆಳೆಯರೆ, ನಮ್ಮ ಪ್ರಶ್ನೆ ಬೇರೆ. ಈ ದಾರಿಗೆ ಖಡಿ ಒಡೆದವರು ಯಾರು? ಆ ಕೆರೆಯ ಮಣ್ಣು ಹೊತ್ತವರು ಯಾರು? ದಾರಿ ಮಾಡಿದವನು ಅದೇ ದಾರಿಯಲ್ಲಿ ಎಂದಿನಿಂದ ತಲೆ ಎತ್ತಿ ನಡೆದ? ಕೆರೆ ಕಟ್ಟಿದವಳು ಅದೇ ಕೆರೆಯಲ್ಲಿ ಎಂದಿನಿಂದ ಕೊಡ ಅದ್ದಿದಳು? ರಾಜರ ಪಟ್ಟಾಭಿಷೇಕದ ಇಸವಿಗಳನ್ನು ಬಾಯಿಪಾಠ ಮಾಡಿಸುವ ನಮ್ಮ ಚರಿತ್ರೆಯ ಪುಸ್ತಕಗಳು ಈ ಇಸವಿಗಳನ್ನು ಬರೆದಿಲ್ಲ. ನಾವೇ ಬರೆಯಬೇಕು.

2

ಮೊದಲು ನೆಲದ ಮಾತು. ಬೀದರ ಜಿಲ್ಲೆ ಎರಡು ದೊಡ್ಡ ನದಿಗಳಿಗೆ ನೀರನ್ನು ಪಾಲು ಮಾಡಿಕೊಡುವ ದಿಣ್ಣೆ. ಕಾರಂಜಾ ಮಾಂಜ್ರಾಕ್ಕೆ ಸೇರುತ್ತದೆ, ಮಾಂಜ್ರಾ ಗೋದಾವರಿಗೆ. ಬಸವಕಲ್ಯಾಣ ತಾಲ್ಲೂಕಿನಲ್ಲೇ ಹುಟ್ಟುವ ಮುಲ್ಲಾಮಾರಿ ಚಿಂಚೋಳಿ ಕಡೆ ಇಳಿದು ಕಾಗಿಣಾಕ್ಕೆ ಸೇರುತ್ತದೆ. ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ. ಒಂದೇ ಮೋಡದ ಮಳೆ ಈ ದಿಣ್ಣೆಯ ಒಂದು ಮಗ್ಗುಲಿಗೆ ಬಿದ್ದರೆ ಗೋದಾವರಿ, ಇನ್ನೊಂದು ಮಗ್ಗುಲಿಗೆ ಬಿದ್ದರೆ ಕೃಷ್ಣೆ. ಹೊಳೆ ದೊಡ್ಡದಿಲ್ಲದ, ಮಳೆಯನ್ನೇ ನಂಬಿದ ಸೀಮೆಯಲ್ಲಿ ನೀರು ನಿಲ್ಲಿಸದೆ ಬದುಕಿಲ್ಲ. ಅದಕ್ಕೇ ಕೆರೆ, ಅದಕ್ಕೇ ಬಾವಿ. ಬೀದರದಲ್ಲಿ ಬಹಮನಿ ಕಾಲದಲ್ಲಿ ಕೆಂಪುಕಲ್ಲಿನ ಒಳಗೆ ಸುರಂಗ ಕೊರೆದು ನೀರು ತಂದರು. ನಮ್ಮ ಕಾಲದಲ್ಲಿ ಮುಸ್ತಾಪುರದ ಬಳಿ ಚುಳಕಿ ನಾಲಾಕ್ಕೆ, ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಕಾರಂಜಾಕ್ಕೆ ಅಣೆಕಟ್ಟೆ ಬಂದವು.

ಹರಿಯುವ ನೀರು ಇಳಿಜಾರು ನೋಡಿ ಹೋಗುತ್ತದೆ, ಜಾತಿ ನೋಡಿ ಹೋಗೋದಿಲ್ಲ. ಆದರೆ ಮನುಷ್ಯ ಅದನ್ನು ಕಟ್ಟಿ ನಿಲ್ಲಿಸಿದ ಕೂಡಲೇ ಅದಕ್ಕೆ ಜಾತಿ ಹುಟ್ಟುತ್ತದೆ. ಒಡ್ಡರು ಕಲ್ಲು ಸೀಳಿದರು, ಹೊಲಗೇರಿಯ ಹೆಂಗಸರು ಬುಟ್ಟಿ ಹೊತ್ತರು. ಕಪಿಲೆ ಬಾವಿಯ ತೊಗಲಿನ ಚೀಲವನ್ನು ಹೊಲಿದುಕೊಟ್ಟವನು ಮಾದಿಗ. ಅವನು ಹದಮಾಡಿದ ತೊಗಲು ದಿನಕ್ಕೆ ನೂರು ಸಲ ಬಾವಿಯೊಳಗೆ ಮುಳುಗಿ ಎದ್ದು ಬರುತ್ತಿತ್ತು. ಆ ನೀರು ಮೈಲಿಗೆಯಲ್ಲ. ಅವನ ಕೈ ಮುಳುಗಿದರೆ ಮಾತ್ರ ಮೈಲಿಗೆ. ಇದಕ್ಕೆ ಯಾವ ಶಾಸ್ತ್ರಿಯೂ ಉತ್ತರ ಹೇಳಲಿಲ್ಲ, ಯಾಕೆಂದರೆ ಕೇಳುವವರಿಗೆ ಬಾಯಿ ಇರಲಿಲ್ಲ.

3

ಮುಡಬಿಯ ಮಂದಿಗೆ ತಾಲ್ಲೂಕಿನ ಊರು ಬಸವಕಲ್ಯಾಣ. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರ ಚಾಲುಕ್ಯರ ರಾಜಧಾನಿಯನ್ನು ಮಾನ್ಯಖೇಟದಿಂದ ಇಲ್ಲಿಗೆ ತಂದ. ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ನಾರಾಯಣಪುರ, ಉಮಾಪುರ, ಜಲಸಂಗಿಯ ಗುಡಿಗಳು ಚಾಲುಕ್ಯರ ಕಲ್ಲುಕೆಲಸದ ಗುರುತುಗಳು. ಜಲಸಂಗಿಯ ಗುಡಿಯ ಗೋಡೆಯ ಮೇಲೆ ಒಬ್ಬ ಹೆಣ್ಣು ಅಕ್ಷರ ಬರೆಯುತ್ತಾ ನಿಂತಿದ್ದಾಳೆ. ನೋಡಿ ಸಂತೋಷಪಡಬೇಕಾದ್ದೇ. ಆದರೆ ಕಲ್ಲಿನ ಹೆಣ್ಣಿಗೆ ಸಿಕ್ಕ ಅಕ್ಷರ ಆ ಕಲ್ಲನ್ನು ಹೊತ್ತು ತಂದ ಹೆಣ್ಣಿಗೆ ಸಿಗಲು ಇನ್ನೂ ಎಂಟು ನೂರು ವರ್ಷ ಹಿಡಿಯಿತು.

ವಿಕ್ರಮಾದಿತ್ಯನ ಆಶ್ರಯದಲ್ಲೇ ವಿಜ್ಞಾನೇಶ್ವರ 'ಮಿತಾಕ್ಷರ' ಬರೆದ. ಆಸ್ತಿ ಯಾರಿಂದ ಯಾರಿಗೆ ಹೋಗಬೇಕು ಅನ್ನುವುದನ್ನು ನಿಷ್ಕರ್ಷೆ ಮಾಡಿದ ಆ ಗ್ರಂಥವನ್ನು ಬ್ರಿಟಿಷರ ಕೋರ್ಟುಗಳೂ ಕಾನೂನು ಅಂತ ಒಪ್ಪಿಕೊಂಡವು. ಆಸ್ತಿಯೇ ಇಲ್ಲದವರ ಪಾಲಿಗೆ ಅದರಲ್ಲಿ ಏನಿತ್ತು? ಅದೇ ಊರಿನಲ್ಲಿ ಕೆಲವೇ ದಶಕಗಳ ನಂತರ ಆಸ್ತಿಯಿಲ್ಲದವರು, ಚಪ್ಪಲಿ ಹೊಲಿಯುವವರು, ಹಗ್ಗ ಹೊಸೆಯುವವರು, ಕಸ ಗುಡಿಸುವವರು ಒಟ್ಟಿಗೆ ಕೂತು ಮಾತಾಡತೊಡಗಿದರು. ಒಂದೇ ಕಲ್ಯಾಣದಿಂದ ಎರಡು ದಾರಿಗಳು ಹೊರಟವು. ಒಂದು ಕೋರ್ಟಿಗೆ ಹೋಯಿತು, ಇನ್ನೊಂದು ಗಡೀಪಾರಿಗೆ ಹೋಯಿತು.

ದಾರಿಯ ಚರಿತ್ರೆಗೆ ಬಹಳ ಮುಖ್ಯವಾದ ಒಂದು ಶಬ್ದ ಈ ಕಲ್ಯಾಣದಲ್ಲಿ ಸಿಗುತ್ತದೆ. ಅದು 'ಸಂಬೋಳಿ'. ಅಸ್ಪೃಶ್ಯನಾದವನು ಬೀದಿಯಲ್ಲಿ ನಡೆಯುವಾಗ 'ಸಂಬೋಳಿ ಸಂಬೋಳಿ' ಎಂದು ಕೂಗುತ್ತಾ ಹೋಗಬೇಕಿತ್ತು. ನಾನು ಬರ್ತಿದ್ದೀನಿ, ನೀವು ದೂರ ಸರೀರಿ, ನನ್ನ ನೆರಳು ನಿಮಗೆ ತಾಕದಿರಲಿ ಅಂತ ಅದರ ಅರ್ಥ. ಬಸವಣ್ಣ ಯಾರ ಮನೆಗೆ ಹೋಗಿ ಉಂಡನೆಂದು ಬಿಜ್ಜಳನಲ್ಲಿ ದೂರು ಹೋಯಿತೆಂದು ಪುರಾಣಗಳು ಹೇಳುತ್ತವೋ ಆ ಶರಣನ ಹೆಸರು ನಾಗಿದೇವ. ಅವನನ್ನು ಶಿವನಾಗಮಯ್ಯ ಅಂತಲೂ, ಸಂಬೋಳಿ ನಾಗಿದೇವ ಅಂತಲೂ ಕರೆಯುತ್ತಾರೆ. ನೋಡಿ, ಬೀದಿಯಲ್ಲಿ ಕೂಗಬೇಕಾದ ಕೂಗೇ ಒಬ್ಬ ಮನುಷ್ಯನ ಹೆಸರಿಗೆ ಅಂಟಿಕೊಂಡಿದೆ!

ಇದು ಕಲ್ಯಾಣದ ಒಂದೇ ಊರಿನ ಕಥೆಯಲ್ಲ. ಐದನೆಯ ಶತಮಾನದ ಆರಂಭದಲ್ಲಿ ಉತ್ತರ ಭಾರತಕ್ಕೆ ಬಂದ ಚೀನೀ ಯಾತ್ರಿಕ ಫಾಹಿಯಾನ್, ಚಂಡಾಲರು ಪೇಟೆಯೊಳಗೆ ಬರುವಾಗ ಮರದ ತುಂಡು ಬಡಿದು ಸದ್ದು ಮಾಡಬೇಕೆಂಬುದನ್ನು ಬರೆದಿಟ್ಟಿದ್ದಾನೆ. ಪೇಶ್ವೆಗಳ ಪುಣೆಯಲ್ಲಿ ಹೆಜ್ಜೆ ಅಳಿಸಲು ಸೊಂಟಕ್ಕೆ ಕಸಬರಿಗೆ, ಉಗುಳಲು ಕೊರಳಿಗೆ ಮಡಕೆ ಕಟ್ಟಿಕೊಳ್ಳಬೇಕಿದ್ದುದನ್ನು ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ನೆನಪಿಸಿದ್ದಾರೆ. ಸದ್ದು ಬೇರೆ, ಸಾಧನ ಬೇರೆ, ಹೇಳುವ ಮಾತು ಒಂದೇ: ದಾರಿ ನಿನ್ನದಲ್ಲ.

ಕಲ್ಯಾಣದ ತ್ರಿಪುರಾಂತಕ ಕೆರೆಯ ದಂಡೆಗೆ ಹೋದರೆ ನೆನಪಾಗಬೇಕಾದವನು ನುಲಿಯ ಚಂದಯ್ಯ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು ಅವನ ಕಾಯಕ. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ನೀರಿಗೆ ಬಿತ್ತು, ಅವನು ಅದನ್ನು ಹುಡುಕುತ್ತ ಕೂಡದೆ ಕೆಲಸ ಮುಂದುವರಿಸಿದ ಅಂತ ಶರಣರ ಕಥೆ ಹೇಳುತ್ತದೆ. ದೇವರಿಗಿಂತ ದುಡಿಮೆ ದೊಡ್ಡದೆಂದು ಕೆರೆಯ ಕೆಸರಿನಲ್ಲಿ ನಿಂತು ಒಬ್ಬ ಕೂಲಿಯವನು ತೋರಿಸಿದ ಜಾಗ ಇದು. ಪ್ರವಾಸಿಗಳ ಕಣ್ಣಿಗೆ ಅದು ಬರೀ ನೀರು.

ಮುಂದಿನದು ನಿಮಗೆ ಗೊತ್ತು. ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ನೆಂಟಸ್ತಿಕೆ ಆಯಿತು. ಹರಳಯ್ಯ, ಮಧುವರಸರನ್ನು ಕಟ್ಟಿ ಬೀದಿಯಲ್ಲಿ ಎಳೆಸಿ ಕೊಂದರು. ಅದನ್ನು ಎಳೆಹೂಟೆ ಅಂತಾರೆ. ಆಳುವವರು ಶಿಕ್ಷೆ ಕೊಡಲು ಆರಿಸಿಕೊಂಡದ್ದೂ ರಸ್ತೆಯನ್ನೇ ಅನ್ನುವುದನ್ನು ಗಮನಿಸಬೇಕು. 1167ರ ಸುಮಾರಿಗೆ ಬಿಜ್ಜಳನ ಕೊಲೆಯಾಯಿತು, ಶರಣರು ಕಲ್ಯಾಣ ಬಿಟ್ಟು ಉಳವಿಯ ಕಡೆಗೆ, ದಿಕ್ಕಿಗೊಬ್ಬರಂತೆ ನಡೆದರು. ಸಂಬೋಳಿ ಕೂಗದೆ ನಡೆಯುವ ಹಕ್ಕಿಗಾಗಿ ಹೊರಟವರು ಊರನ್ನೇ ಬಿಡಬೇಕಾಯಿತು.

4

ಅಲ್ಲಿಂದ ಏಳು ನೂರು ವರ್ಷ ದಾಟಿ ಬರೋಣ. ಬಹಮನಿ, ಬರೀದಶಾಹಿ, ಮೊಗಲ, ಕೊನೆಗೆ ಆಸಫಜಾಹಿ ನಿಜಾಮರು. ಕಲ್ಯಾಣ 'ಕಲ್ಯಾಣಿ' ಎಂಬ ನವಾಬರ ಜಹಗೀರಾಯಿತು. ದೊರೆಯ ಧರ್ಮ ಬದಲಾಯಿತು, ಆದರೆ ಕೇರಿಯ ಪಾಡು ಬದಲಾಗಲಿಲ್ಲ. ಮೇಲೆ ಜಹಗೀರದಾರ, ಕೆಳಗೆ ದೇಶಮುಖ, ಪಾಟೀಲ, ಕುಲಕರ್ಣಿ. ಎಲ್ಲರ ಕೆಳಗೆ ಬೇಗಾರಿ. ಸಾಹೇಬರು ಕ್ಯಾಂಪಿಗೆ ಬಂದರೆ ಅವರ ಗಂಟುಮೂಟೆ ಹೊತ್ತು ಮುಂದಿನ ಊರಿನ ಗಡಿಗೆ ಮುಟ್ಟಿಸುವುದು, ಕಟ್ಟಿಗೆ ಒಡೆಯುವುದು, ಟಪ್ಪಾಲು ಒಯ್ಯುವುದು, ಇದೆಲ್ಲ ಬಿಟ್ಟಿ. ಕೂಲಿ ಕೇಳಿದರೆ ಚಾಟಿ.

ಸಾಲಕ್ಕೆ ಆಳಾಗಿ ನಿಲ್ಲುವ ಪದ್ಧತಿಗೆ ಹೈದರಾಬಾದ್ ರಾಜ್ಯದಲ್ಲಿ ಭಾಗೇಲಾ ಅನ್ನುತ್ತಿದ್ದರು. 1936ರಲ್ಲಿ ನಿಜಾಮ ಸರ್ಕಾರ ಭಾಗೇಲಾ ಕರಾರುಗಳ ಮೇಲೆ ಒಂದು ಕಾಯಿದೆ ತಂದಿತು. ಕಾಯಿದೆ ಹೈದರಾಬಾದಿನಲ್ಲಿತ್ತು, ಆಳು ಹಳ್ಳಿಯಲ್ಲಿದ್ದ. ಕೊನೆಗೆ 1976ರಲ್ಲಿ ಇಡೀ ದೇಶಕ್ಕೆ ಜೀತ ನಿರ್ಮೂಲನ ಕಾಯಿದೆ ಬಂತು. ದೇಶದಲ್ಲಿ ಜೀತಕ್ಕೆ ಇರುವ ಹೆಸರುಗಳ ಒಂದು ಪಟ್ಟಿ ಅದರಲ್ಲಿದೆ. ರೂರಲ್ ಮೇಷ್ಟ್ರುಗಳು ಆ ಪಟ್ಟಿಯನ್ನು ಒಮ್ಮೆ ಮಕ್ಕಳಿಗೆ ಓದಿ ಹೇಳಬೇಕು. ಭಾಗೇಲಾ ಇದೆ, ಜೀತ ಇದೆ, ವೆಟ್ಟಿ ಇದೆ. 'ಹೊಲ್ಯ' ಅಂತಲೂ ಇದೆ. ಒಂದು ಜಾತಿಯ ಹೆಸರೇ ಜೀತದ ಹೆಸರಾಗಿ ಭಾರತದ ಕಾನೂನಿನಲ್ಲಿ ಅಚ್ಚಾಗಿದೆ.

ಕೆರೆಯ ಮಾತಿಗೆ ಬರೋಣ. 1923ರಲ್ಲಿ ಮುಂಬಯಿ ಶಾಸನಸಭೆ ಬೋಲೆಯವರ ಠರಾವು ಒಪ್ಪಿ ಸಾರ್ವಜನಿಕ ಕೆರೆಬಾವಿಗಳನ್ನು ಎಲ್ಲರಿಗೂ ತೆರೆಯಿತು. ಅದು ಕಾಗದದ ಮೇಲೇ ಉಳಿದಾಗ ಅಂಬೇಡ್ಕರ್ ಸಾವಿರಾರು ಜನರೊಂದಿಗೆ 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಕುಡಿದರು. ಆ ಕೆರೆ ಖಾಸಗಿಯಲ್ಲ ಅಂತ ಮುಂಬಯಿ ಹೈಕೋರ್ಟು ಹೇಳುವಷ್ಟರಲ್ಲಿ 1937 ಆಗಿತ್ತು. ಅದು ಬ್ರಿಟಿಷರ ಸೀಮೆ. ನಾವಿದ್ದದ್ದು ನಿಜಾಮನ ಸೀಮೆ. ಇಲ್ಲಿ ಏನಿತ್ತು? ಅದಕ್ಕೂ ಅಂಬೇಡ್ಕರರೇ ಸಾಕ್ಷಿ. 1934ರಲ್ಲಿ ಅವರು ಸಂಗಾತಿಗಳ ಜೊತೆ ಇದೇ ಹೈದರಾಬಾದ್ ರಾಜ್ಯದ ದೌಲತಾಬಾದ್ ಕೋಟೆ ನೋಡಲು ಹೋದರು. ದಾರಿಯ ಧೂಳು ತೊಳೆಯಲು ಬಾಗಿಲ ಬಳಿಯ ತುಂಬಿದ ಕೊಳದಲ್ಲಿ ಕೈಕಾಲು ಮುಖ ತೊಳೆದರು. ಕೂಡಲೇ ಕೊಳ ಮೈಲಿಗೆಯಾಯಿತೆಂದು ಗುಲ್ಲೆದ್ದಿತು. ಗಲಾಟೆ ಮಾಡಿದವರು ಮುಸಲ್ಮಾನರು. ಕೊನೆಗೆ ಒಳಗೆ ಎಲ್ಲೂ ನೀರು ಮುಟ್ಟದಂತೆ ಕಾಯಲು ಶಸ್ತ್ರಧಾರಿ ಸಿಪಾಯಿಯನ್ನು ಹಿಂದೆ ಕಳಿಸಿ ಕೋಟೆ ತೋರಿಸಿದರು. ಬ್ಯಾರಿಸ್ಟರಾಗಿದ್ದ, ದುಂಡುಮೇಜಿನ ಪರಿಷತ್ತಿನಲ್ಲಿ ಕೂತು ಬಂದಿದ್ದ ಮನುಷ್ಯನಿಗೇ ಈ ಪಾಡಾದರೆ ಮುಡಬಿ ಸೀಮೆಯ ಬೇಗಾರಿಯ ಪಾಡು ಊಹಿಸಿಕೊಳ್ಳಿ.

ಗಾಡಿಯ ಮಾತೂ ಹಾಗೆಯೇ. 1901ರಲ್ಲಿ ಹುಡುಗ ಭೀಮರಾವ್ ತಂದೆಯನ್ನು ಕಾಣಲು ಹೊರಟಾಗ ಎತ್ತಿನ ಗಾಡಿಯವನು ಗಾಡಿ ಹೊಡೆಯಲು ಒಪ್ಪಲಿಲ್ಲ. ಎರಡು ಪಟ್ಟು ಬಾಡಿಗೆ ಕೊಟ್ಟು ಹುಡುಗರೇ ಗಾಡಿ ಹೊಡೆದರು, ಗಾಡಿಯವನು ಪಕ್ಕದಲ್ಲಿ ನಡೆದು ಬಂದ. ರಾತ್ರಿಯೆಲ್ಲ ಕುಡಿಯಲು ನೀರು ಸಿಗಲಿಲ್ಲ. 1929ರಲ್ಲಿ ಚಾಳೀಸಗಾಂವಿನಲ್ಲಿ ಟಾಂಗಾದವರು ಅವರನ್ನು ಕೂರಿಸಿಕೊಳ್ಳಲು ಒಪ್ಪದೆ, ಟಾಂಗಾ ಹೊಡೆದು ರೂಢಿಯಿಲ್ಲದ ಕೇರಿಯವನೇ ಹೊಡೆದು, ಸೇತುವೆಯ ಮೇಲೆ ಅಪಘಾತವಾಗಿ ಅಂಬೇಡ್ಕರ್ ಕಲ್ಲುಹಾಸಿನ ಮೇಲೆ ಬಿದ್ದು ಮೂಳೆ ಮುರಿದುಕೊಂಡರು. ಇದಕ್ಕೆ ಮೊದಲೇ, 1893ರಲ್ಲಿ ತಿರುವಾಂಕೂರಿನಲ್ಲಿ ಅಯ್ಯಂಗಾಳಿ ಎಂಬ ಪುಲಯ ತರುಣ ತಾನೇ ಎತ್ತಿನ ಗಾಡಿ ಕೊಂಡು, ತಲೆಗೆ ರುಮಾಲು ಸುತ್ತಿ, ತಮಗೆ ನಿಷೇಧವಾಗಿದ್ದ ರಸ್ತೆಯಲ್ಲಿ ಗಾಡಿ ಹೊಡೆದಿದ್ದ. ಗಾಲಿಯ ಮೇಲೆ ಕೂರುವುದು ಕೂಡಾ ಬಂಡಾಯವೇ ಅನ್ನುವುದನ್ನು ಅಯ್ಯಂಗಾಳಿಯಿಂದ ಕಲಿಯಬೇಕು.

1948 ಈ ದಾರಿಯ ಮೇಲೆ ಬಿಟ್ಟ ಗುರುತು ಇನ್ನೊಂದು ಬಗೆಯದು. ಆ ವರ್ಷದ ಮೇ ತಿಂಗಳಲ್ಲಿ ಗೋರಟಾದಲ್ಲಿ ರಜಾಕಾರರು ಹಳ್ಳಿಯವರ ಕಗ್ಗೊಲೆ ಮಾಡಿದರು. ಸೆಪ್ಟೆಂಬರ್ 13ಕ್ಕೆ ಸೊಲ್ಲಾಪುರದ ಕಡೆಯಿಂದ ಭಾರತದ ಸೇನೆ ನುಗ್ಗಿತು. 14ನೆಯ ತಾರೀಖು ಉಮರ್ಗಾದಿಂದ ಹೊರಟ ಪಡೆ ನಮ್ಮ ರಾಜೇಶ್ವರವನ್ನು ಮುಟ್ಟಿತು. 17ಕ್ಕೆ ನಿಜಾಮ ಶರಣಾದ. ಅಷ್ಟಕ್ಕೇ ಕಥೆ ನಿಲ್ಲಿಸುವುದು ಅರ್ಧ ಸತ್ಯ. ಆಮೇಲಿನ ವಾರಗಳಲ್ಲಿ ಬೀದರ, ಗುಲ್ಬರ್ಗಾ, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ಬಡ ಮುಸಲ್ಮಾನರ ಕೊಲೆ, ಲೂಟಿ ನಡೆಯಿತೆಂದು ಸುಂದರಲಾಲ್ ಸಮಿತಿ ವರದಿ ಕೊಟ್ಟಿತು. ಆ ವರದಿ ಜನರ ಕೈಗೆ ಸಿಗಲು 2013ರವರೆಗೆ ಕಾಯಬೇಕಾಯಿತು. 1949ರಲ್ಲಿ ಜಹಗೀರುಗಳು ರದ್ದಾದವು, 1956ರ ನವೆಂಬರ್ 1ಕ್ಕೆ ಬೀದರ ಮೂರು ರಾಜ್ಯಗಳಿಗೆ ಹಂಚಿಹೋಗಿ ನಮ್ಮ ಪಾಲು ಮೈಸೂರಿಗೆ ಬಂತು. ನಕ್ಷೆ ಬದಲಾಯಿತು. ಹೊಲದ ಪಹಣಿಯಲ್ಲಿ ಕೇರಿಯವರ ಹೆಸರು ಬರಲಿಲ್ಲ.

5

ಈಗ ಸೈಕಲ್ಲಿನ ಮಾತು. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಪೆಡಲಿಲ್ಲದ, ಕಾಲಿನಿಂದ ನೆಲ ಒದ್ದು ಓಡಿಸುವ ಎರಡು ಗಾಲಿಯ ಬಂಡಿ ಮಾಡಿದ. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಈಗಿನ ರೂಪದ ಸೈಕಲ್ ತಂದ. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರು ಮಾಡಿದ. ಯೂರೋಪಿನ ಸಾಮಾನ್ಯ ಕೂಲಿಗಾರ ತನ್ನ ಕಾಲಿನ ಬಲದಿಂದಲೇ ಊರು ದಾಟುವಂತಾಯಿತು. ಆದರೆ ಆ ಟೈರಿನ ರಬ್ಬರು ಎಲ್ಲಿಂದ ಬಂತು? ಬೆಲ್ಜಿಯಂ ದೊರೆ ಲಿಯೋಪೋಲ್ಡನ ಕಾಂಗೋದಲ್ಲಿ ರಬ್ಬರು ಕಡಿಮೆ ತಂದ ಕರಿಯರ ಕೈ ಕತ್ತರಿಸಿದರು. ಒಬ್ಬನ ಬಿಡುಗಡೆಯ ಗಾಲಿ ಇನ್ನೊಬ್ಬನ ಕೈಯ ಮೇಲೆ ಉರುಳಿತು. ಬಂಡವಾಳಶಾಹಿ ಕೊಡುವ ಯಾವ ವರವೂ ಶುದ್ಧವಾಗಿರೋದಿಲ್ಲ ಅನ್ನುವುದಕ್ಕೆ ಇದೊಂದು ಉದಾಹರಣೆ ಸಾಕು.

ನಮ್ಮಲ್ಲಿ ಮೊದಲು ಬಂದದ್ದು ವಿಲಾಯತಿ ಸೈಕಲ್ಲು. ಸ್ವಾತಂತ್ರ್ಯದ ನಂತರ 1949ರಲ್ಲಿ ಮದ್ರಾಸಿನ ಟಿ.ಐ., 1951ರಲ್ಲಿ ಸೋನೀಪತದ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೋ ಕಾರ್ಖಾನೆಗಳು ಎದ್ದವು. ಹಳ್ಳಿಗೆ ಸೈಕಲ್ ಬಂದದ್ದು ಅಧಿಕಾರದ ಜೊತೆ. ಟಪ್ಪಾಲಿನವನು, ಗಿರದಾವರ, ಮೇಷ್ಟ್ರು, ಪಾಟೀಲರ ಮಗ. ಆಮೇಲೆ ತಾಸಿನ ಬಾಡಿಗೆಯ ಅಂಗಡಿಗಳು ಬಂದವು. ಕಾಲು ಎಟುಕದ ಹುಡುಗರು ದಂಡಿಗೆಯ ಕೆಳಗಿಂದ ಕಾಲು ತೂರಿಸಿ ತುಳಿಯುತ್ತಾ ಕಲಿತರು.

ಇಲ್ಲಿ ನನ್ನ ಮನೆಯ ಒಂದು ಮಾತು ಹೇಳಬೇಕು. ಎಪ್ಪತ್ತೆರಡರ ಬರದಲ್ಲಿ ನಮ್ಮಪ್ಪ, ನಮ್ಮವ್ವ ಇಬ್ಬರೂ ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆದರು. ಹೊಲದಲ್ಲಿ ಏನೂ ಇರಲಿಲ್ಲ, ಅಂಗಡಿಯಲ್ಲಿ ಅಮೆರಿಕದ ಕೆಂಪು ಜೋಳ ಇತ್ತು. ಹೀಗೆ ಹಸಿದ ಹೊಟ್ಟೆಗಳು ಕೂತು ಒಡೆದ ಖಡಿಯ ಮೇಲೆಯೇ ನಮ್ಮ ಎಷ್ಟೋ ರಸ್ತೆಗಳು ನಿಂತಿವೆ. ಮುಂದೆ ಕೆಲವು ವರ್ಷಕ್ಕೆ ಅಪ್ಪ ಒಂದು ಹಳೇ ಸೈಕಲ್ ಕೊಂಡ. ಸಂತೆಗೆ ಹೋಗುವಾಗ ನನ್ನನ್ನು ಮುಂದಿನ ದಂಡಿಗೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ. ದಾರಿಯಲ್ಲಿ ಒಂದು ಊರು ಸಿಗುತ್ತಿತ್ತು. ಹೆಸರು ಬೇಡ. ಆ ಊರಿನ ಕಟ್ಟೆ ಕಾಣುತ್ತಲೇ ಅಪ್ಪ ಇಳಿದುಬಿಡುತ್ತಿದ್ದ. ಚಪ್ಪಲಿ ಬಿಚ್ಚಿ ಹ್ಯಾಂಡಲಿಗೆ ಸಿಗಿಸಿ ಸೈಕಲ್ ನೂಕಿಕೊಂಡು ನಡೆಯುತ್ತಿದ್ದ.

"ಯಾಕಪಾ ಇಳದಿ?" ಅಂತ ಕೇಳಿದರೆ,

"ಚೈನ್ ಬಿದ್ದದ ತಮ್ಮಾ, ಸುಮ್ನ ನಡಿ" ಅನ್ನುತ್ತಿದ್ದ.

ಊರು ದಾಟಿ ಹುಣಸೆ ಮರದ ಹತ್ತಿರ ಬಂದಮೇಲೆ ಚೈನು ತಾನಾಗಿಯೇ ಸರಿಹೋಗುತ್ತಿತ್ತು. ಮತ್ತೆ ಹತ್ತುತ್ತಿದ್ದೆವು. ಬರುವಾಗಲೂ ಅದೇ ಕಟ್ಟೆಯ ಹತ್ತಿರವೇ ಚೈನು ಬೀಳುತ್ತಿತ್ತು. ನಾನು ಬಹಳ ದಿನ ಆ ಸೈಕಲ್ಲೇ ಕೆಟ್ಟದ್ದು ಅಂದುಕೊಂಡಿದ್ದೆ. ಒಂದು ದಿನ ನಾನು ಆಟಕ್ಕೆಂದು ಕಟ್ಟೆಯ ಮುಂದೆ ಗಂಟೆ ಬಾರಿಸಿಬಿಟ್ಟೆ. ಕಟ್ಟೆಯ ಮೇಲಿಂದ ಒಬ್ಬ, "ಯಾವನಲೇ ಅವ ಗಂಟಿ ಬಾರಸಾಂವ?" ಅಂದ. ಅಪ್ಪ, "ಸಣ್ಣ ಹುಡುಗ್ರಿ ಧಣಿ, ತಿಳೀದೆ ಮಾಡ್ಯಾನ" ಅಂತ ಕೈ ಮುಗಿದು ನಿಂತ. ಅವತ್ತು ನನಗೆ ಗೊತ್ತಾಯಿತು, ಕೆಟ್ಟದ್ದು ಸೈಕಲ್ಲಲ್ಲ.

ಗಂಟೆಗೆ ಯಾಕೆ ಅಷ್ಟು ಸಿಟ್ಟು? ಯಾಕೆಂದರೆ ಸಂಬೋಳಿ ಅಂದರೂ 'ಸರೀರಿ' ಅಂತಲೇ, ಗಂಟೆ ಅಂದರೂ 'ಸರೀರಿ' ಅಂತಲೇ. ಸಂಬೋಳಿಯಲ್ಲಿ ಸರಿಯಿರಿ, ನಾನು ಕೀಳು ಅಂತ ಇದೆ. ಗಂಟೆಯಲ್ಲಿ ಸರಿಯಿರಿ, ನನಗೂ ದಾರಿ ಬೇಕು ಅಂತ ಇದೆ. ಎಂಟು ನೂರು ವರ್ಷ ಮೊದಲ ಕೂಗು ಕೇಳಿ ರೂಢಿಯಾದ ಕಿವಿಗೆ ಎರಡನೆಯ ಸದ್ದು ಬೆಂಕಿ ಬಿದ್ದಂತಾಗುತ್ತದೆ.

6

ಕಾನೂನು ಏನು ಹೇಳಿತು? 1950ರ ಜನವರಿ 26ಕ್ಕೆ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯ ಎರಡನೆಯ ಭಾಗ ಓದಿ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಇವುಗಳ ಬಳಕೆಯಲ್ಲಿ ಜಾತಿಯ ಕಾರಣಕ್ಕೆ ಯಾರಿಗೂ ಅಡ್ಡಿ ಮಾಡಕೂಡದು ಅಂತಿದೆ. ಕೆರೆ ಮತ್ತು ರಸ್ತೆ ಒಂದೇ ಸಾಲಿನಲ್ಲಿ ಕೂತಿರುವುದು ಆಕಸ್ಮಿಕವಲ್ಲ. ಕೋರೆಗಾಂವಿನ ಗಾಡಿ, ಚಾಳೀಸಗಾಂವಿನ ಟಾಂಗಾ, ಮಹಾಡದ ಕೆರೆ, ದೌಲತಾಬಾದಿನ ಕೊಳ ಎಲ್ಲವನ್ನೂ ಮೈಮೇಲೆ ಅನುಭವಿಸಿದ ಮನುಷ್ಯ ಕರಡು ಸಮಿತಿಯ ಅಧ್ಯಕ್ಷನಾಗಿದ್ದ. 17ನೆಯ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯಿದೆ, 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ.

ಇಷ್ಟೆಲ್ಲ ಆದಮೇಲೂ ಕಟ್ಟೆಗಳ ಮುಂದೆ ಚೈನುಗಳು ಬೀಳುತ್ತಲೇ ಇದ್ದವು. ಎಷ್ಟರಮಟ್ಟಿಗೆ ಅಂದರೆ, 2015ರಲ್ಲಿ ದೌರ್ಜನ್ಯ ತಡೆ ಕಾಯಿದೆಗೆ ತಿದ್ದುಪಡಿ ತಂದಾಗ ಪಾರ್ಲಿಮೆಂಟು ಅದರಲ್ಲಿ 'ಸೈಕಲ್' ಅನ್ನುವ ಶಬ್ದವನ್ನೇ ಬರೆಯಬೇಕಾಯಿತು. ಸಾರ್ವಜನಿಕ ಸ್ಥಳದಲ್ಲಿ ದಲಿತರು ಸೈಕಲ್ ಅಥವಾ ಮೋಟಾರ್ ಸೈಕಲ್ ಹತ್ತುವುದನ್ನು, ಚಪ್ಪಲಿ ಅಥವಾ ಹೊಸ ಬಟ್ಟೆ ತೊಡುವುದನ್ನು, ಮದುವೆಯ ಮೆರವಣಿಗೆ ತೆಗೆಯುವುದನ್ನು ತಡೆದರೆ ಅದು ಅಪರಾಧ. 2016ರ ಜನವರಿ 26ರಿಂದ ಇದು ಜಾರಿಯಲ್ಲಿದೆ. ಚಂದ್ರನ ಸುತ್ತ ಉಪಗ್ರಹ ತಿರುಗಿಸಿದ ದೇಶ, ಮನುಷ್ಯ ಸೈಕಲ್ ಹತ್ತಬಹುದು ಅಂತ ಕಾನೂನು ಬರೆಯಿತು! ನಾಚಿಕೆಪಡಬೇಕಾದ್ದೂ ಇದರಲ್ಲಿದೆ, ಹಿಡಿದು ಹೋರಾಡಬೇಕಾದ್ದೂ ಇದರಲ್ಲಿದೆ.

ಕಾನೂನು ತಾನಾಗಿಯೇ ದಾರಿಗೆ ಇಳಿಯೋದಿಲ್ಲ. 1968ರಲ್ಲಿ ಬಿ. ಶ್ಯಾಮಸುಂದರ್ ಗುಲ್ಬರ್ಗಾದಲ್ಲಿ ಭೀಮಸೇನೆ ಕಟ್ಟಿದರು. ಎಪ್ಪತ್ತರ ದಶಕದಲ್ಲಿ ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪ ಮತ್ತು ಸಂಗಾತಿಗಳಿಂದ ಹುಟ್ಟಿದ ದಲಿತ ಸಂಘರ್ಷ ಸಮಿತಿ ಕರಪತ್ರ, ಹಾಡು, ಹಲಗೆಯ ಸದ್ದಿನೊಂದಿಗೆ ಹಳ್ಳಿಹಳ್ಳಿಗೆ ಹೋಯಿತು. ಕಾರು ಯಾರ ಹತ್ತಿರ ಇತ್ತು? ನಡಿಗೆ, ಬಸ್ಸು, ಸೈಕಲ್ಲು ಇಷ್ಟೇ. 1983ರಲ್ಲಿ ಕಾನ್ಶೀರಾಮ್ ದೆಹಲಿಯಿಂದ ಹೊರಟು ಉತ್ತರದ ಹಲವು ರಾಜ್ಯಗಳಲ್ಲಿ ಸೈಕಲ್ ಜಾಥಾ ನಡೆಸಿದರು. ಬಹುಜನ ಸಮಾಜ ಪಕ್ಷ ಕಟ್ಟಿದ್ದು ಅದರ ಮರುವರ್ಷ. ತೊಂಬತ್ತರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಕಲ್ಲು ಕ್ವಾರಿಯ ಕೂಲಿ ಹೆಂಗಸರು, ಹೊಲದಾಳುಗಳು ಯಾರ ಮರ್ಜಿಯೂ ಇಲ್ಲದೆ ನೀರಿಗೆ, ಕೆಲಸಕ್ಕೆ, ಮಕ್ಕಳ ಶಾಲೆಗೆ ಹೋಗತೊಡಗಿದರು. ಗಂಡಸಿನ ಹಿಂದೆ ಕ್ಯಾರಿಯರಿನ ಮೇಲೆ ಕೂತ ಹೆಣ್ಣು ಸೀಟಿನ ಮೇಲೆ ಬಂದದ್ದು ಇನ್ನೊಂದು ಬಂಡಾಯ.

ನಮ್ಮ ರಾಜ್ಯದಲ್ಲಿ 2006-07ರಿಂದ ಸರ್ಕಾರಿ ಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದರು. ಹೈಸ್ಕೂಲು ಇನ್ನೊಂದು ಊರಿನಲ್ಲಿದ್ದ ಕೇರಿಯ ಹುಡುಗಿಯರ ಪಾಲಿಗೆ ಅದು ಬರೀ ಕಬ್ಬಿಣವಲ್ಲ. ಒಂದೇ ಬಣ್ಣದ ಸೈಕಲ್ಲಿನ ಮೇಲೆ ಪಾಟೀಲರ ಮಗಳೂ ಬೇಗಾರಿಯ ಮಗಳೂ ಒಂದೇ ಸಾಲಿನಲ್ಲಿ ಅದೇ ಕಟ್ಟೆಯ ಮುಂದೆ ಗಂಟೆ ಬಾರಿಸುತ್ತಾ ಹೋದರು. ಈ ನೋಟವನ್ನು ನನ್ನ ಅಪ್ಪ ನೋಡಿದ. ಏನೂ ಮಾತಾಡಲಿಲ್ಲ. ಕೊರೊನಾದ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. 2020ರ ಜೂನ್ 3ಕ್ಕೆ, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಗೆ ಬೀಗ ಹಾಕಿ ಕೆಲಸಗಾರರನ್ನು ಹೊರಗೆ ನಿಲ್ಲಿಸಿತು. ಬಡವನಿಗೆ ಸೈಕಲ್ ಕಡಿಮೆಯಾಗುತ್ತಿರುವಾಗಲೇ ಉಳ್ಳವನಿಗೆ ಅದು ಹವ್ಯಾಸವಾಗುತ್ತಿರುವುದನ್ನು ನಾವು ಗುರುತಿಸಬೇಕು.

7

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಇವತ್ತು ನೋಡಲು ಸುಂದರವಾಗಿರುವ ಕಾರಂಜಾದ ಹಿನ್ನೀರಿನ ಕೆಳಗೆ ಹೊಲಗಳಿವೆ. ನೆಲ ಕಳೆದುಕೊಂಡವರು ಸರಿಯಾದ ಪರಿಹಾರಕ್ಕಾಗಿ ದಶಕಗಳ ಕಾಲ ಹೋರಾಡಿದ್ದಾರೆ. ನೆಲ ಇದ್ದವರಿಗೆ ಪರಿಹಾರದ ಕಾಗದವಾದರೂ ಇದೆ. ಅದೇ ಹೊಲದಲ್ಲಿ ಕೂಲಿ ಮಾಡಿ ಬದುಕಿದವನಿಗೆ ತಾನು ಏನು ಕಳೆದುಕೊಂಡೆ ಅಂತ ತೋರಿಸಲು ಒಂದು ಚೀಟಿಯೂ ಇಲ್ಲ. 2012ರ ತಿದ್ದುಪಡಿಯಿಂದ ಈ ಸೀಮೆಗೆ 371ಜೆ ವಿಧಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅನ್ನುವ ಹೆಸರು ಬಂತು. ಕಲ್ಯಾಣ ಅನ್ನುವ ಹೆಸರು ಇಟ್ಟುಕೊಂಡ ಮೇಲೆ ಸಂಬೋಳಿ ನಾಗಿದೇವನ ಲೆಕ್ಕವನ್ನೂ ಚುಕ್ತಾ ಮಾಡಬೇಕು.

ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನನ್ನದೊಂದು ಕೋರಿಕೆ. ರಜೆಯಲ್ಲಿ ಸೈಕಲ್ ಹತ್ತಿ ಹೊರಡಿ. ಮುಡಬಿಯಿಂದಲೇ ಹೊರಡಿ, ಇಲ್ಲವೆ ನಿಮ್ಮ ಊರಿನಿಂದ ಹೊರಡಿ. ಕೈಯಲ್ಲಿ ಒಂದು ನೋಟ್‌ಬುಕ್ಕು ಇರಲಿ. ಕೆರೆ ಸಿಕ್ಕರೆ ನಿಲ್ಲಿ, ನೋಡಿ, ಈಜು ಬಂದರೆ ಈಜಿ. ಆಮೇಲೆ ಕೇರಿಯ ಮುದುಕಿಯ ಹತ್ತಿರ ಕೂತು ಕೇಳಿ: ಆಯಿ, ಈ ಕೆರೆಗೆ ಮಣ್ಣು ಹೊತ್ತವರು ಯಾರು? ನೀವು ಯಾವ ಕಲ್ಲಿನ ಹತ್ತಿರ ಕೊಡ ಇಟ್ಟು ಕಾಯ್ತಿದ್ರಿ? ಯಾರು ನೀರು ಹೊಯ್ತಿದ್ರು? ಮುದುಕನನ್ನು ಕೇಳಿ: ಅಜ್ಜಾ, ನೀನು ಎಲ್ಲಿ ಚಪ್ಪಲಿ ಬಿಚ್ಚತಿದ್ದಿ? ಎಲ್ಲಿ ಸೈಕಲ್ ಇಳಿತಿದ್ದಿ? ಮೊದಲ ಸಲ ಇಳಿಯದೆ ಹೋದವರು ಯಾರು, ಯಾವ ವರ್ಷ? ಅವರಿಗೆ ಏನಾಯಿತು? ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ. ಊರಿನ ನಕ್ಷೆ ತೆಗೆದು ಆ ಜಾಗಗಳಿಗೆ ಗುರುತು ಹಾಕಿ. ಶಾಲೆಯ ಗೋಡೆಗೆ ಹಚ್ಚಿ.

ನಮ್ಮ ಸೀಮೆಯ ಕೆರೆ, ಗುಡ್ಡ, ದಾರಿಗಳ ಚರಿತ್ರೆ ಹೀಗೆ ತಯಾರಾಗಬೇಕು. ನನ್ನ ಅಪ್ಪ ಸೈಕಲ್ ಇಳಿಯುತ್ತಿದ್ದ ಜಾಗಕ್ಕೆ ನಾನು ಈಗಾಗಲೇ ಗುರುತು ಹಾಕಿದ್ದೇನೆ. ಆ ಹಳೇ ಸೈಕಲ್ಲಿನ ಗಂಟೆ ನನ್ನ ಹತ್ತಿರ ಇದೆ, ಇನ್ನೂ ಸದ್ದು ಮಾಡುತ್ತದೆ.